ನಿಮಗಿದು ಗೊತ್ತೆ? ಪನಾಮಾ ಕಾಲುವೆಯಲ್ಲಿ ಪುಟ್ಟ ಹಾಯಿದೋಣಿ

ಸಾವಿರಾರು ಕಂಟೇನರ್ ಹೊತ್ತ ದೈತ್ಯ ಹಡಗುಗಳು ಸಾಗುವ ಪನಾಮಾ ಕಾಲುವೆಯನ್ನು ಸ್ವಂತ ಹಾಯಿದೋಣಿಯಲ್ಲೂ ದಾಟಬಹುದು. ಅಟ್ಲಾಂಟಿಕ್–ಪೆಸಿಫಿಕ್ ಸಾಗರಗಳನ್ನು ಬೆಸೆಯುವ, ಸುಮಾರು 80 ಕಿ.ಮೀ. ಉದ್ದದ ಈ ದಾರಿ ತೆರೆದದ್ದು 1914ರಲ್ಲಿ. ದೋಣಿಯ ಅಳತೆ ಮಾಡಿಸಿ, ಶುಲ್ಕ ಕಟ್ಟಿ, ಸರದಿಗೆ ಕಾಯಬೇಕು. ನಡೆಸುವವರಲ್ಲದೆ ಹಗ್ಗ ಹಿಡಿಯಲೆಂದೇ ನಾಲ್ವರು ಬೇಕು. ದಾರಿ ತೋರಲು ಕಾಲುವೆ ಪ್ರಾಧಿಕಾರದವರೊಬ್ಬರು ದೋಣಿ ಹತ್ತುತ್ತಾರೆ.

ನಿಜವಾದ ಪರೀಕ್ಷೆ ಗಾಟುನ್ ಲಾಕ್‌ಗಳಲ್ಲಿ. ಮೂರು ಮೆಟ್ಟಿಲಾಗಿರುವ, ಬಾಗಿಲುಳ್ಳ ಈ ನೀರಿನ ಕೋಣೆಗಳು ದೋಣಿಯನ್ನು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಮೇಲಕ್ಕೇರಿಸುತ್ತವೆ. ಇದಕ್ಕೆ ಪಂಪ್ ಬೇಕಿಲ್ಲ! ಮೇಲಿನ ಸರೋವರದ ಸಿಹಿನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬಂದು ತಳದಿಂದ ಉಕ್ಕುತ್ತದೆ. ಆಗ ಏಳುವ ಸುಳಿಗಳಲ್ಲಿ ಹಗ್ಗ ಸ್ವಲ್ಪ ಸಡಿಲಿದರೂ ದೋಣಿ ಕಾಂಕ್ರೀಟ್ ಗೋಡೆಗೆ ಅಪ್ಪಳಿಸೀತು. ಅದಕ್ಕೇ ಹಲವು ಬಾರಿ ಎರಡು ಮೂರು ದೋಣಿಗಳನ್ನು ಪಕ್ಕಪಕ್ಕದಲ್ಲಿ ಬಿಗಿದು ಒಟ್ಟಿಗೆ ಸಾಗಿಸುತ್ತಾರೆ. ದೈತ್ಯ ಹಡಗಿನ ನೆರಳಲ್ಲಿ ಹಗ್ಗ ಹಿಡಿದು ನಿಂತವರ ಎದೆಗಾರಿಕೆ ಮೆಚ್ಚುವಂಥದ್ದು.

ದೋಣಿಯೇ ಇಲ್ಲದೆ ದಾಟಿದವರೂ ಇದ್ದಾರೆ: 1928ರಲ್ಲಿ ಅಮೆರಿಕದ ಲೇಖಕ ರಿಚರ್ಡ್ ಹ್ಯಾಲಿಬರ್ಟನ್ ಇಡೀ ಕಾಲುವೆಯನ್ನು ಹಂತಹಂತವಾಗಿ ಈಜಿದರು. ಅವರ ದೇಹತೂಕ ಲೆಕ್ಕಹಾಕಿ ವಸೂಲು ಮಾಡಿದ ಶುಲ್ಕ 36 ಸೆಂಟ್!