ಕಲ್ಲಿನ ಮೈ, ಲೆಕ್ಕದ ಮೈ

ಮಂಡ್ಯ ಜಿಲ್ಲೆಯ ಬಸರಾಳಿನ ಮಲ್ಲಿಕಾರ್ಜುನ ಗುಡಿಯ ಮುಂದೆ ನಿಂತು ಕತ್ತೆತ್ತಿ ನೋಡಿ. ದೊಡ್ಡ ಶಿಖರದ ಮೈತುಂಬ ಪುಟ್ಟ ಶಿಖರಗಳು. ಕೆಳಗೆ ಗೋಡೆಯ ವಿಗ್ರಹಗಳ ಮೇಲ್ಗಡೆ ಇನ್ನೂ ಪುಟ್ಟವು. ಹೀಗೆ ಇಡಿಯ ರೂಪವೇ ಬಿಡಿಯಲ್ಲೂ ಮರಳಿ ಬರುವ ಆಕೃತಿಗಳಿಗೆ 1975ರಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರೋ 'ಫ್ರ್ಯಾಕ್ಟಲ್' ಎಂದು ಹೆಸರಿಟ್ಟರು.

ಆದರೆ ಮರಳಿ ಬರುವುದೊಂದೇ ಚೆಲುವಲ್ಲ. ಬೋಳು ಕಲ್ಲುಗಳನ್ನು ಹಾಗೇ ಪೇರಿಸಿದ್ದರೆ ಯಾರು ನಿಂತು ನೋಡುತ್ತಿದ್ದರು? ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಈ ಗುಡಿ ಬಳಪದ ಕಲ್ಲಿನದು. ಮೆತ್ತನೆಯ ಕಲ್ಲಾದ್ದರಿಂದ ಆನೆ, ಕುದುರೆ, ಬಳ್ಳಿಸುರುಳಿಗಳ ಪಟ್ಟಿಕೆಗಳಲ್ಲಿ ಉಳಿ ಹೋಗುವಷ್ಟೂ ನವಿರಾಗಿ ಹೋಗಿದೆ. ಈ ತರಿ, ಈ ನವಿರೇ ಟೆಕ್ಸ್ಚರ್.

ಕಂಪ್ಯೂಟರಿನ ಫ್ರ್ಯಾಕ್ಟಲ್ ಕಲೆಗೂ ಇದೇ ಮಾತು. ಅಲ್ಲಿನ ಲೆಕ್ಕ ಸರಳ: ಒಂದು ಸಂಖ್ಯೆಯ ವರ್ಗಕ್ಕೆ ಒಂದು ಸ್ಥಿರ ಸಂಖ್ಯೆ ಕೂಡಿಸಿ, ಬಂದದ್ದನ್ನು ಮತ್ತೆ ವರ್ಗ ಮಾಡಿ, ಮತ್ತೆ ಕೂಡಿಸುತ್ತಾ ಹೋಗುವುದು. ಸೊನ್ನೆಯಿಂದ ಹೊರಟು 1 ಕೂಡಿಸುತ್ತಿದ್ದರೆ 1, 2, 5, 26 ಎಂದು ಕೈಮೀರಿ ಓಡುತ್ತದೆ. –1 ಕೂಡಿಸಿದರೆ –1, 0, –1, 0 ಎಂದು ಅಲ್ಲೇ ಸುತ್ತುತ್ತದೆ. ಪರದೆಯ ಒಂದೊಂದು ಚುಕ್ಕಿಯನ್ನೂ ಒಂದೊಂದು ಸ್ಥಿರ ಸಂಖ್ಯೆಯೆಂದು ಹಿಡಿದು ಈ ಪರೀಕ್ಷೆ ನಡೆಸಿ, ಎಷ್ಟನೇ ಹೆಜ್ಜೆಗೆ ಕೈಮೀರಿತು ಎಂಬುದನ್ನು ನೋಡಿ ಬಣ್ಣ ಕೊಡುತ್ತಾರೆ. ಅಷ್ಟಕ್ಕೇ ಬಿಟ್ಟರೆ ಭೂಪಟದ ಎತ್ತರದ ಗೆರೆಗಳಂತೆ ಚಪ್ಪಟೆ ಪಟ್ಟಿಗಳು ಕಾಣುತ್ತವೆ. ರೂಪವಿದೆ, ಮೈಯಿಲ್ಲ.

ಮೈ ಕೊಡುವ ಒಂದು ದಾರಿ, ಸಂಖ್ಯೆ ಓಡಿದ ಜಾಡನ್ನೇ ಗಮನಿಸುವುದು. ಆ ಜಾಡು ಗೊತ್ತುಮಾಡಿದ ಗೆರೆಯೊಂದಕ್ಕೆ ಎಷ್ಟು ಹತ್ತಿರ ಹಾದುಹೋಯಿತೋ ಅದಕ್ಕೆ ತಕ್ಕ ಬಣ್ಣ ಹಚ್ಚಿದರೆ ರೇಷ್ಮೆ ಎಳೆಗಳಂಥ ಹೊಳಪು ಮೂಡುತ್ತದೆ. ಇನ್ನೊಂದು ದಾರಿಯನ್ನು 1980ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ ತೋರಿಸಿದರು. ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಅವರಿಗೆ ಹಿಡಿಸಲಿಲ್ಲ. ಹದವಾದ ಏರಿಳಿತವಿರುವ ಒಂದು 'ನಾಯ್ಸ್' ರೂಪಿಸಿದರು. ಮೊದಲು ದೊಡ್ಡ ಏರಿಳಿತ, ಅದರ ಮೇಲೆ ಅಗಲದಲ್ಲೂ ಎತ್ತರದಲ್ಲೂ ಅರ್ಧದ್ದು, ಮತ್ತೆ ಕಾಲುಭಾಗದ್ದು. ಉತ್ತ ಹೊಲದಲ್ಲಿ ಹೆಂಟೆ, ಹೆಂಟೆಯ ಮೇಲೆ ಬಿರುಕು, ಬಿರುಕಿನಲ್ಲಿ ಮಣ್ಣಿನ ಕಣ ಇದ್ದಹಾಗೆ. ಬೆಟ್ಟ, ಮೋಡ, ಕಲ್ಲು ಪರದೆಯ ಮೇಲೆ ನಂಬುವಂತೆ ಕಾಣುವುದು ಇದರಿಂದ.

ಹೊಸಬರು ಎಡವುವುದೂ ಇಲ್ಲೇ. ಶಿಲ್ಪಿಗೆ ಉಳಿಯ ಮೊನೆಯೇ ಎಲ್ಲೆ. ಕಂಪ್ಯೂಟರಿಗೆ ಅಂಥ ಎಲ್ಲೆಯಿಲ್ಲ. ಎಲ್ಲೆಡೆ ಒಂದೇ ಸಮ ತರಿ ತುಂಬಿದರೆ ಕಣ್ಣಿಗೆ ನಿಲ್ಲಲು ಜಾಗವೇ ಸಿಗದು. ಬಸರಾಳಿನಲ್ಲಿ ಕಿಕ್ಕಿರಿದ ಪಟ್ಟಿಕೆಗಳ ನಡುವೆ ಆಳವಾದ ಖಾಲಿ ಸಂದುಗಳಿವೆ. ಆ ನೆರಳೇ ಕೆತ್ತನೆಯನ್ನು ಎತ್ತಿ ತೋರಿಸುತ್ತದೆ. ಫ್ರ್ಯಾಕ್ಟಲ್ ತಂತ್ರಾಂಶಗಳಲ್ಲೂ ಬೆಳಕನ್ನು ಒಂದು ಪಕ್ಕದಿಂದ ಓರೆಯಾಗಿ ಬೀಳಿಸುವ ಸೌಲಭ್ಯ ಇರುವುದು ಇದಕ್ಕಾಗಿಯೇ.

ಈ ಕಲೆ ಕಲಿಯುವ ಹಂಬಲವಿದ್ದವರು ಒಮ್ಮೆ ಬಸರಾಳಿಗೆ ಹೋಗಿಬನ್ನಿ. ನಡುಮಧ್ಯಾಹ್ನ ಬೇಡ; ಬಿಸಿಲು ಓರೆಯಾಗಿ ಗೋಡೆಗೆ ತಾಗುವ ಹೊತ್ತಿಗೆ ಹೋಗಿ.