ಎರಡು ತಿಂಗಳಿಗೆಂದು ಬಂದವರು

ಆಫ್ರಿಕಾದ ಹಳ್ಳಿಯೊಂದರಲ್ಲಿ ಒಂದೆರಡು ವರ್ಷ ಸೇವೆ ಸಲ್ಲಿಸಿ ಬಂದವರು ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ತೀರ ಅಪರೂಪದವರೇನಲ್ಲ. ಕರಾವಳಿಯ ಹಲವು ಮನೆಗಳಿಂದ ಧರ್ಮಭಗಿನಿಯರೂ ಗುರುಗಳೂ ಆ ಖಂಡಕ್ಕೆ ಹೋಗಿದ್ದಾರೆ. ದಾದಿಯರಾಗಿ, ಅಧ್ಯಾಪಕರಾಗಿ ಹೋದ ಗೃಹಸ್ಥರೂ ಇದ್ದಾರೆ. ಹೋಗುವಾಗ ಬಲಿಪೂಜೆ, ಬೀಳ್ಕೊಡುಗೆ. ಬಂದಾಗ ಸ್ವಾಗತ, ಸನ್ಮಾನ. ಆದರೆ ಹಾಗೆ ಬಂದವರು ಕೆಲವು ತಿಂಗಳು ಕಳೆದ ಮೇಲೆ, ರಾತ್ರಿಯ ಊಟದ ಹೊತ್ತಿನಲ್ಲಿ, “ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ, ಈ ಸಲ ನೆಲಸುವುದಕ್ಕೆ” ಎಂದಾಗ ಮನೆಯವರ ಮುಖಭಾವ ಬದಲಾಗುತ್ತದೆ. ಮೊದಲ ಪ್ರಯಾಣವನ್ನು ಪುಣ್ಯಕಾರ್ಯವೆಂದು ಹರಸಿದ ತಾಯಿಯೇ ಎರಡನೆಯದನ್ನು ಹಟವೆನ್ನುತ್ತಾಳೆ. ಆ ತಾಯಿಯನ್ನು ನಾವು ದೂರುವುದಿಲ್ಲ. ಹೋಗಿಬರುವುದು ಒಂದು, ಮರಳಿ ಹೋಗುವುದು ಇನ್ನೊಂದು ಎಂಬುದನ್ನು ಆಕೆ ನಮ್ಮೆಲ್ಲರಿಗಿಂತ ಮೊದಲೇ ಅರಿತಿರುತ್ತಾಳೆ.

ಹಾಗೆ ಮರಳಿ ಹೋದವರ ಕಥೆಯೊಂದನ್ನು ಇಂತಹ ಮನೆಗಳ ಮುಂದಿಡುವುದು ಈ ವಾರ ನಮ್ಮ ಉದ್ದೇಶ. ಅದು ಉಗಾಂಡಾ ದೇಶದ ಉತ್ತರ ಭಾಗದಲ್ಲಿ, ಗುಲು ಪಟ್ಟಣದಿಂದ ಸುಮಾರು ಆರು ಕಿಲೋಮೀಟರ್ ದೂರದ ಲಾಚೊರ್ ಎಂಬ ಊರಿನಲ್ಲಿ ನಡೆದದ್ದು. ಅದು ಅಚೋಲಿ ಜನರ ನಾಡು. ಹುಲ್ಲು ಹೊದಿಸಿದ ದುಂಡು ಗುಡಿಸಲುಗಳಲ್ಲಿ ವಾಸಿಸುತ್ತ, ಜೋಳ, ಎಳ್ಳು ಬೆಳೆದು ದನ ಸಾಕಿಕೊಂಡಿದ್ದ ಒಕ್ಕಲು ಜನ. ಕೊಂಬೋನಿ ಸಭೆಯ ಮಿಷನರಿಗಳು 1959ರಲ್ಲಿ ಅಲ್ಲಿ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಮೂವತ್ತು ಹಾಸಿಗೆಗಳ ಸಣ್ಣ ಆಸ್ಪತ್ರೆಯೊಂದನ್ನು ತೆರೆದಿದ್ದರು. ಅದನ್ನು ಬೆಳೆಸುವ ಹೊಣೆ ಹೊತ್ತು 1961ರಲ್ಲಿ ಬಂದವರು ಪಿಯೆರೋ ಕೊರ್ಟಿ ಎಂಬ ಇಟಲಿಯ ಮಕ್ಕಳ ತಜ್ಞರು. ಆಸ್ಪತ್ರೆಗೆ ಶಸ್ತ್ರಚಿಕಿತ್ಸಕರು ಬೇಕಿದ್ದರು. ಕೆನಡಾದ ಮಾಂಟ್ರಿಯಲ್‌ನಲ್ಲಿ ಕಲಿಯುವಾಗ ತಮಗೆ ಪರಿಚಿತರಾಗಿದ್ದ ಡಾಕ್ಟರ್ ಲುಸಿಲ್ ಟೀಸ್ಡೇಲ್ ಅವರನ್ನು ಕೊರ್ಟಿ ಕೇಳಿಕೊಂಡರು.

ಲುಸಿಲ್ ಅವರು 1929ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದವರು; ಕ್ವಿಬೆಕ್ ಪ್ರಾಂತ್ಯದ ಮೊದಮೊದಲ ಮಹಿಳಾ ಶಸ್ತ್ರಚಿಕಿತ್ಸಕರಲ್ಲಿ ಒಬ್ಬರು. ಹೆಂಗಸಿನ ಕೈಗೆ ಕತ್ತರಿ, ಚೂರಿ ಕೊಡಲು ದೊಡ್ಡ ಆಸ್ಪತ್ರೆಗಳು ಹಿಂಜರಿಯುತ್ತಿದ್ದ ಕಾಲವದು. ಕೊರ್ಟಿಯವರ ಬಳಿ ಸಂಬಳ ಕೊಡುವಷ್ಟು ಹಣವಿರಲಿಲ್ಲ. ವಿಮಾನದ ಖರ್ಚು ಮತ್ತು ಸಿಗರೇಟಿನ ಖರ್ಚು, ಇವೆರಡನ್ನು ಮಾತ್ರ ನೋಡಿಕೊಳ್ಳುತ್ತೇನೆಂದು ಅವರು ಮಾತು ಕೊಟ್ಟರಂತೆ. ಲುಸಿಲ್ ಒಪ್ಪಿದ್ದು ಒಂದೆರಡು ತಿಂಗಳ ಮಟ್ಟಿಗೆ. ಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿಕೊಟ್ಟು ಹಿಂತಿರುಗುವುದೆಂದು ಏರ್ಪಾಡು. ಅದರಂತೆ ಬಂದರು, ಆರಂಭಿಸಿದರು, ಫ್ರಾನ್ಸಿಗೆ ಹಿಂತಿರುಗಿದರು. ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಒಳ್ಳೆಯ ಸೇವಾಕಾರ್ಯವೆನಿಸಿಕೊಂಡು ಮರೆತುಹೋಗುತ್ತಿತ್ತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಮತ್ತೆ ಲಾಚೊರಿಗೆ ಬಂದರು. ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲೇ ಕೊರ್ಟಿಯವರನ್ನು ವಿವಾಹವಾದರು. ಈ ಎರಡನೆಯ ಬರವು ಮೂವತ್ತೈದು ವರ್ಷ ಬಾಳಿತು.

ಅದೇ 1961ರಲ್ಲಿ ಅಮೆರಿಕ ಸರಕಾರ ತನ್ನ ಶಾಂತಿದಳದ ಮೊದಲ ಸ್ವಯಂಸೇವಕರನ್ನು ಘಾನಾ ದೇಶಕ್ಕೆ ಕಳುಹಿಸಿತ್ತು. ಅವರ ಸೇವೆಯ ಅವಧಿ ಎರಡು ವರ್ಷ. ಆ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ. ಅಲ್ಲಿ ದುಡಿದವರಲ್ಲಿ ಎಷ್ಟೋ ಮಂದಿ ಬಾಳಿನುದ್ದಕ್ಕೂ ಆ ಹಳ್ಳಿಗಳನ್ನು ನೆನೆದಿದ್ದಾರೆ. ಆದರೂ ಅವಧಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು ಬಂದವರನ್ನು ಯಾವ ಹಳ್ಳಿಯೂ ಅತಿಥಿಯೆಂದೇ ಕಾಣುತ್ತದೆ. ನಮ್ಮ ಊರುಗಳಲ್ಲೂ ಹಾಗೆಯೇ ಅಲ್ಲವೇ? ಅತಿಥಿಗೆ ಕೋಳಿ ಕೊಯ್ಯುತ್ತೇವೆ, ಒಳ್ಳೆಯ ಚಾಪೆ ಹಾಸುತ್ತೇವೆ, ಮನೆಯ ಜಗಳವನ್ನು ಮಾತ್ರ ಅವರೆದುರು ಆಡುವುದಿಲ್ಲ. ಎರಡನೆಯ ಸಲ ಬಂದು ಪೆಟ್ಟಿಗೆ ಬಿಚ್ಚಿದವರ ಮುಂದೆ ಊರು ತನ್ನ ಜಗಳ, ಸಾಲ, ಸಂಕಟಗಳನ್ನು ಬಾಯಿಬಿಟ್ಟು ಹೇಳತೊಡಗುತ್ತದೆ. ನಿಜವಾದ ಕೆಲಸ ಮೊದಲಾಗುವುದು ಆಗಲೇ ಎಂಬುದು ನಮ್ಮ ಎಣಿಕೆ.

ಲಾಚೊರಿನಲ್ಲಿ ಬೆಳಗಿನ ಹೊತ್ತು ಹೊರರೋಗಿಗಳ ಸಾಲು, ಮಧ್ಯಾಹ್ನದ ಮೇಲೆ ಶಸ್ತ್ರಚಿಕಿತ್ಸೆ. ಇದೇ ಲುಸಿಲ್ ಅವರ ದಿನಚರಿಯಾಯಿತು. ಮೂರು ದಶಕಗಳಲ್ಲಿ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 13,000ಕ್ಕೂ ಮಿಗಿಲೆಂದು ಲೆಕ್ಕ ಹೇಳುತ್ತಾರೆ. ಈ ನಡುವೆ ದೇಶದ ಗತಿ ತಲೆಕೆಳಗಾಯಿತು. 1962ರಲ್ಲಿ ಉಗಾಂಡಾ ಸ್ವತಂತ್ರವಾಯಿತು. 1971ರಲ್ಲಿ ಇದಿ ಅಮೀನ್ ಅಧಿಕಾರ ಕಿತ್ತುಕೊಂಡ. ಮರುವರ್ಷ ಆತ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ವಿಧಿಸಿದ್ದು ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಕಂಪಾಲಾ, ಎಂಟೆಬೆಗಳಲ್ಲಿ ಗುಮಾಸ್ತರಾಗಿ, ಅಧ್ಯಾಪಕರಾಗಿ ಬಾಳು ಕಟ್ಟಿಕೊಂಡಿದ್ದ ಗೋವೆಯ ಕ್ಯಾಥೊಲಿಕ್ ಕುಟುಂಬಗಳೂ ಆಗ ಮನೆ ಬಿಟ್ಟು ಹೊರಡಬೇಕಾಯಿತು. ವಿದೇಶೀ ವೈದ್ಯರು ಒಬ್ಬೊಬ್ಬರಾಗಿ ದೇಶ ತೊರೆದರು. ಕೊರ್ಟಿ ದಂಪತಿಗಳು ತೊರೆಯಲಿಲ್ಲ. 1979ರ ಯುದ್ಧದಲ್ಲಿ ಅಮೀನನ ಪತನವಾದಾಗ ಗಾಯಗೊಂಡ ಸೈನಿಕರು ಲಾಚೊರಿಗೂ ಬಂದರು. ಚೂರಾದ ಮೂಳೆಗಳನ್ನು ತೆಗೆಯುವಾಗ ಲುಸಿಲ್ ಅವರ ಬೆರಳುಗಳಿಗೆ ಎಷ್ಟೋ ಸಲ ಗಾಯಗಳಾದವು. ಏಡ್ಸ್ ಎಂಬ ರೋಗದ ಹೆಸರನ್ನೇ ಜಗತ್ತು ಆಗಿನ್ನೂ ಕೇಳಿರಲಿಲ್ಲ. 1985ರಲ್ಲಿ ಪರೀಕ್ಷೆ ನಡೆಸಿದಾಗ ಆ ರೋಗಾಣು ಅವರ ರಕ್ತದಲ್ಲಿ ಕಂಡುಬಂತು. ತಿಳಿದ ಮೇಲೂ ಅವರು ಊರು ಬಿಡಲಿಲ್ಲ, ಕೆಲಸ ಬಿಡಲಿಲ್ಲ. ಮತ್ತೆ ಹನ್ನೊಂದು ವರ್ಷ ಬದುಕಿ 1996ರ ಆಗಸ್ಟ್ 1ರಂದು ಇಟಲಿಯಲ್ಲಿ ತೀರಿಕೊಂಡರು. ದೇಹವನ್ನು ಲಾಚೊರಿಗೆ ತಂದು ಆಸ್ಪತ್ರೆಯ ಅಂಗಳದಲ್ಲಿ ಸಮಾಧಿ ಮಾಡಲಾಯಿತು.

ತಾಯ್ತಂದೆಯರಾದ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಿಯಾರು: ಅವರಿಗೆ ಮಕ್ಕಳಿರಲಿಲ್ಲವೇ? ಇದ್ದಳು, 1962ರಲ್ಲಿ ಹುಟ್ಟಿದ ಒಬ್ಬಳೇ ಮಗಳು, ದೊಮಿನಿಕ್. ಆಸ್ಪತ್ರೆಯ ಆವರಣವೇ ಆಕೆಯ ಆಟದ ಬಯಲಾಗಿತ್ತು. ದೇಶದಲ್ಲಿ ಅಪಾಯ ಹೆಚ್ಚಿದಾಗ ಓದಿಗಾಗಿ ತಂದೆತಾಯಿಯರಿಂದ ದೂರ ಬೆಳೆಯಬೇಕಾಯಿತು. ತ್ಯಾಗದ ಕಥೆಗಳನ್ನು ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುವುದುಂಟು. ನಮಗೆ ಅದು ಸರಿಯೆನಿಸುವುದಿಲ್ಲ. ನೂರಾರು ಮಕ್ಕಳನ್ನು ಉಳಿಸಿದ ತಾಯಿಯ ಮಡಿಲು ಸ್ವಂತ ಮಗುವಿಗೆ ಬೇಕಾದಾಗ ಸಿಗದಿದ್ದರೆ ಅದರ ನೋವನ್ನು ಹೊತ್ತವಳು ಆ ಮಗುವೇ ಹೊರತು ಹೊಗಳುವ ನಾವಲ್ಲ. ದೊಮಿನಿಕ್ ಮುಂದೆ ತಾವೂ ವೈದ್ಯೆಯಾದರು. ತಂದೆತಾಯಿಯರು 1993ರಲ್ಲಿ ಇಟಲಿಯಲ್ಲಿ ಸ್ಥಾಪಿಸಿದ ಪ್ರತಿಷ್ಠಾನದ ಹೊಣೆಯನ್ನು ವಹಿಸಿಕೊಂಡು ಆಸ್ಪತ್ರೆಗೆ ನೆರವು ಕೂಡಿಸುವ ಕೆಲಸಕ್ಕೆ ನಿಂತರು. ಹಾಗೆಂದು ಬಾಲ್ಯದ ಲೆಕ್ಕ ತೀರಿತೆಂದು ಹೇಳುವ ಧೈರ್ಯ ನಮಗಿಲ್ಲ.

ಆದರೆ ಲಾಚೊರಿನ ಕಥೆಯನ್ನು ಹೊರನಾಡಿನ ಈ ಇಬ್ಬರದೆಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. 1983ರಲ್ಲಿ ಮ್ಯಾಥ್ಯೂ ಲುಕ್ವಿಯಾ ಎಂಬ ತರುಣ ವೈದ್ಯರು ತರಬೇತಿಗಾಗಿ ಅಲ್ಲಿಗೆ ಬಂದರು. ಅವರು ಆ ನೆಲದವರೇ, ಅಚೋಲಿ ಜನಾಂಗದವರೇ, ಪಂಗಡದಲ್ಲಿ ಪ್ರೊಟೆಸ್ಟಂಟರು. ತಮ್ಮ ಕೆಲಸವನ್ನು ಈತನಿಗೆ ಒಪ್ಪಿಸಬಹುದೆಂದು ಕೊರ್ಟಿ ದಂಪತಿಗಳು ಬೇಗನೆ ಕಂಡುಕೊಂಡರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಉಷ್ಣವಲಯದ ಮಕ್ಕಳ ವೈದ್ಯಶಾಸ್ತ್ರವನ್ನು ಕಲಿತ ಲುಕ್ವಿಯಾ ಅಲ್ಲಿ ಅತ್ಯುತ್ತಮ ಅಂಕಗಳಿಂದ ತೇರ್ಗಡೆಯಾದರು. ಅಲ್ಲಿಯೇ ಅಧ್ಯಾಪಕರಾಗಿ ಉಳಿಯಲು ಕರೆಯೂ ಬಂತು. ಹೆಂಡತಿ ಮಕ್ಕಳೊಡನೆ ನೆಮ್ಮದಿಯಾಗಿ ಬದುಕಲು ಸಿಕ್ಕಿದ ಆ ದಾರಿಯನ್ನು ಬಿಟ್ಟು ಅವರು ಲಾಚೊರಿಗೆ ಮರಳಿದರು. ಹೊರಗಿನವರು ಮರಳಿದಾಗ ನಾವು ಬೆರಗಾಗುತ್ತೇವೆ. ಊರಿನ ಮಗನೇ ಮರಳಿದಾಗ ಅದು ಸಹಜವೆಂದು ಸುಮ್ಮನಾಗುತ್ತೇವೆ. ವಿದೇಶದ ಸಂಬಳ ಯಾವ ಬಗೆಯ ಸೆಳೆತವೆಂಬುದು ನಮ್ಮ ಕರಾವಳಿಯ ಮನೆಗಳಿಗೆ ತಿಳಿಯದ್ದೇನಲ್ಲ.

ಅವರು ಮರಳಿದ ಊರಿನಲ್ಲಿ ಶಾಂತಿಯಿರಲಿಲ್ಲ. ಸರಕಾರಕ್ಕೂ ಬಂಡುಕೋರರಿಗೂ ನಡುವೆ ಹೊತ್ತಿಕೊಂಡ ಯುದ್ಧ ಆ ಪ್ರದೇಶವನ್ನು ಇಪ್ಪತ್ತು ವರ್ಷಗಳ ಕಾಲ ಸುಟ್ಟಿತು. ಬಂಡುಕೋರರು ಹಳ್ಳಿಗಳಿಂದ ಮಕ್ಕಳನ್ನು ಹಿಡಿದೊಯ್ಯುತ್ತಿದ್ದರು. ಕತ್ತಲಾಗುತ್ತಲೇ ಸುತ್ತಲ ಊರುಗಳ ಸಾವಿರಾರು ಜನ ಚಾಪೆ, ಕಂಬಳಿಗಳನ್ನು ಹೊತ್ತು ಬಂದು ಆಸ್ಪತ್ರೆಯ ಗೋಡೆಗಳ ಒಳಗೆ ಮಲಗಿ, ಬೆಳಗಾದೊಡನೆ ಹೊಲಗಳಿಗೆ ಮರಳುತ್ತಿದ್ದರು. 1989ರಲ್ಲಿ ಬಂಡುಕೋರರು ಆಸ್ಪತ್ರೆಗೇ ನುಗ್ಗಿ ಇಟಲಿಯ ಧರ್ಮಭಗಿನಿಯರನ್ನು ಕೇಳಿದಾಗ, ಅವರ ಬದಲು ತನ್ನನ್ನು ಕರೆದೊಯ್ಯಿರೆಂದು ಮುಂದಾದವರು ಲುಕ್ವಿಯಾ. ವೈದ್ಯರ ನಿಲುವಂಗಿಯಲ್ಲೇ ಅವರನ್ನು ಕಾಡಿಗೆ ಒಯ್ದು, ಸುಮಾರು ಒಂದು ವಾರ ಅಲೆದಾಡಿಸಿ ಬಿಟ್ಟರು.

2000ದ ಅಕ್ಟೋಬರ್ ತಿಂಗಳಲ್ಲಿ ಲುಕ್ವಿಯಾ ಹೆಚ್ಚಿನ ವ್ಯಾಸಂಗಕ್ಕಾಗಿ ರಾಜಧಾನಿ ಕಂಪಾಲಾದಲ್ಲಿ ಕುಟುಂಬದೊಡನಿದ್ದರು. ಲಾಚೊರಿನಿಂದ ಫೋನ್ ಬಂತು: ಅರಿಯದ ಜ್ವರವೊಂದು ಹಬ್ಬಿದೆ, ದಾದಿ ತರಬೇತಿಯ ವಿದ್ಯಾರ್ಥಿಗಳೂ ಸಾಯುತ್ತಿದ್ದಾರೆ. ಓದನ್ನು ಬದಿಗಿಟ್ಟು ಅವರು ಹೊರಟರು. ತಲಪಿದ ರಾತ್ರಿಯೇ ರೋಗಿಗಳ ದಾಖಲೆಗಳನ್ನು ಹರಡಿಕೊಂಡು ಕುಳಿತು, ಇದು ರಕ್ತಸ್ರಾವ ತರುವ ವೈರಾಣು ಜ್ವರವೆಂದು ಊಹಿಸಿ ಸರಕಾರಕ್ಕೆ ಸುದ್ದಿ ಮುಟ್ಟಿಸಿದರು. ಒಂದು ವಾರದೊಳಗೆ ದಕ್ಷಿಣ ಆಫ್ರಿಕಾದ ಪ್ರಯೋಗಾಲಯ ಅದನ್ನು ಎಬೋಲಾ ಎಂದು ಖಚಿತಪಡಿಸಿತು. ಅಷ್ಟರಲ್ಲಿ ಲುಕ್ವಿಯಾ ಪ್ರತ್ಯೇಕ ವಾರ್ಡು ತೆರೆದು, ಕೈಗವಸು, ಮುಖಗವಸುಗಳನ್ನು ತೊಡಿಸಿ, ಸ್ವಇಚ್ಛೆಯಿಂದ ಮುಂದೆ ಬಂದ ದಾದಿಯರನ್ನು ಅಲ್ಲಿಗೆ ನೇಮಿಸಿಯಾಗಿತ್ತು.

ಅಚೋಲಿ ಜನರೂ ಕೈಕಟ್ಟಿ ಕುಳಿತವರಲ್ಲ. ಇಂತಹ ಸಾಂಕ್ರಾಮಿಕಕ್ಕೆ ಅವರ ಭಾಷೆಯಲ್ಲಿ ‘ಗೆಮೊ’ ಎಂಬ ಹೆಸರಿದೆ. ಅದು ಬಂದಾಗ ಪಾಲಿಸಬೇಕಾದ ಕಟ್ಟಳೆಗಳನ್ನು ಹಿರಿಯರು ಹಿಂದಿನಿಂದಲೇ ಬಲ್ಲರು. ರೋಗಿಯನ್ನು ದೂರದ ಗುಡಿಸಲಿನಲ್ಲಿ ಇರಿಸಬೇಕು, ಒಮ್ಮೆ ರೋಗ ಬಂದು ಬದುಕುಳಿದವರೇ ಆರೈಕೆ ಮಾಡಬೇಕು, ಆನೆಹುಲ್ಲಿನ ದಂಟುಗಳನ್ನು ನೆಟ್ಟು ಮನೆಯನ್ನು ಗುರುತಿಸಬೇಕು, ಊರಿಂದೂರಿಗೆ ಓಡಾಡಕೂಡದು, ಕುಣಿತ, ಹಬ್ಬಗಳು ನಿಲ್ಲಬೇಕು. ಮುಂದೆ ಮಾನವಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ, ಈ ಕಟ್ಟಳೆಗಳಲ್ಲಿ ಬಹುಪಾಲು ವೈದ್ಯಶಾಸ್ತ್ರಕ್ಕೆ ಒಪ್ಪುವಂಥವೆಂದು ಬರೆದರು. ಆಫ್ರಿಕಾದ ಹಳ್ಳಿಗೆ ತಿಳಿವಳಿಕೆಯನ್ನು ಹೊತ್ತೊಯ್ಯುತ್ತೇವೆಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು. ಆದರೆ ಸತ್ತವರ ದೇಹವನ್ನು ಬಂಧುಗಳು ತೊಳೆಯುವ ಸಂಪ್ರದಾಯದಿಂದ ರೋಗ ಹಬ್ಬಿದ್ದೂ ನಿಜ. ಊರಿನ ಮಾತೂ ರೋಗದ ಬಗೆಯೂ ಎರಡೂ ತಿಳಿದ ಲುಕ್ವಿಯಾ ಅಂಥವರು ಅಲ್ಲಿದ್ದುದು ಎಷ್ಟೊಂದು ಜೀವಗಳನ್ನು ಉಳಿಸಿತೋ.

ನವೆಂಬರಿನಲ್ಲಿ ದಾದಿಯರು ಒಬ್ಬರ ಮೇಲೊಬ್ಬರು ಸಾಯತೊಡಗಿದಾಗ ಸಿಬ್ಬಂದಿ ಎದ್ದು ನಿಂತಿತು. ಆಸ್ಪತ್ರೆ ಮುಚ್ಚಬೇಕೆಂಬ ಕೂಗೆದ್ದಿತು. ಲುಕ್ವಿಯಾ ಯಾರನ್ನೂ ಗದರಿಸಲಿಲ್ಲ. ಹೋಗುವವರು ಹೋಗಬಹುದು, ತಾನು ಮಾತ್ರ ಉಳಿಯುತ್ತೇನೆಂದು ತಿಳಿಸಿದರು. ಬಹುಮಂದಿ ಉಳಿದರು. ಸಾಯುತ್ತಿದ್ದ ತಮ್ಮ ಸಿಬ್ಬಂದಿಯೊಬ್ಬರನ್ನು ನಡುರಾತ್ರಿ ಧಾವಿಸಿ ಉಪಚರಿಸಿದಾಗ ಅವರಿಗೂ ರೋಗ ತಗಲಿತು. 2000ದ ಡಿಸೆಂಬರ್ 5ರಂದು ಅವರು ತೀರಿಕೊಂಡರು. ಲುಸಿಲ್ ಅವರ ಸಮಾಧಿಯ ಪಕ್ಕದಲ್ಲೇ ಮಣ್ಣಾದರು. ಮುಂದಿನ ವರ್ಷದ ಆರಂಭದಲ್ಲಿ ರೋಗ ಕೊನೆಗೊಳ್ಳುವಷ್ಟರಲ್ಲಿ 425 ಮಂದಿಗೆ ತಗಲಿ 224 ಮಂದಿಯನ್ನು ಅದು ಬಲಿ ತೆಗೆದುಕೊಂಡಿತ್ತು.

ಲುಸಿಲ್ ಅವರನ್ನು ಕಳೆದುಕೊಂಡು ನಾಲ್ಕು ವರ್ಷವಾಗಿದ್ದ ಕೊರ್ಟಿಯವರಿಗೆ ಇದು ಮಗನ ಸಾವೇ ಆಗಿತ್ತು. ಆ ವಯೋವೃದ್ಧರು 2003ರ ಏಪ್ರಿಲ್ 20ರಂದು, ಪಾಸ್ಖ ಹಬ್ಬದ ದಿನವೇ, ಇಟಲಿಯಲ್ಲಿ ನಿಧನರಾದರು. ಅವರೂ ಕೊನೆಗೆ ಲಾಚೊರಿಗೇ ಮರಳಿ ಬಂದರು. ಆ ಅಂಗಳದಲ್ಲಿ ಈಗ ಮೂರು ಸಮಾಧಿಗಳಿವೆ.

ಮರಳಿ ಹೋಗಬೇಕೆನ್ನುವ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡ ತಾಯ್ತಂದೆಯರು ಏನು ಕೇಳಬೇಕು? ಸುರಕ್ಷತೆಯ ಪ್ರಶ್ನೆ ಹೇಗೂ ಬರುತ್ತದೆ, ಬರಲೇಬೇಕು. ಅದರ ಜೊತೆಗೆ ಇನ್ನೆರಡನ್ನು ಕೇಳಬಹುದೆಂದು ನಮಗೆ ತೋರುತ್ತದೆ. ಆ ಊರಿನವರು ನಿನ್ನನ್ನು ಕರೆದಿದ್ದಾರೆಯೇ? ನಿನ್ನ ಕೆಲಸವನ್ನು ಕಲಿತು ನಡೆಸುವವರು ಅಲ್ಲಿ ಯಾರು? ಲಾಚೊರಿನಲ್ಲಿ ಎರಡನೆಯ ಪ್ರಶ್ನೆಗೆ ಉತ್ತರವಿತ್ತು. ಕೊರ್ಟಿ ದಂಪತಿಗಳು ದಾದಿಯರ ಶಾಲೆಯನ್ನು ತೆರೆದದ್ದು, ಉಗಾಂಡದ ತರುಣ ವೈದ್ಯರಿಗೆ ತರಬೇತಿ ಕೊಟ್ಟದ್ದು ತಾವಿಲ್ಲದ ದಿನವನ್ನು ಕಣ್ಣಮುಂದಿಟ್ಟುಕೊಂಡೇ. ಇಂದು ಆ ಆಸ್ಪತ್ರೆ ಸುಮಾರು 480 ಹಾಸಿಗೆಗಳದ್ದು. ಒಪಿತ್, ಪಬ್ಬೊ, ಅಮುರು ಎಂಬ ಊರುಗಳಲ್ಲಿ ಅದರ ಕಿರು ಆರೋಗ್ಯ ಕೇಂದ್ರಗಳಿವೆ. ಗುಲು ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಾರೆ. ಹಣದ ನೆರವು ಹೊರಗಿನಿಂದ ಇನ್ನೂ ಬೇಕಾಗಿದೆ. ಆದರೆ ವೈದ್ಯರು, ದಾದಿಯರು, ಲೆಕ್ಕ ಬರೆಯುವವರು, ಆಡಳಿತ ನಡೆಸುವವರು ಬಹುಮಟ್ಟಿಗೆ ಎಲ್ಲರೂ ಉಗಾಂಡದವರೇ.