ಓದು ಬಲ್ಲ ಕೋಟೆಗೋಡೆ

ಕುದೂರಿನ ನಾಡಕಚೇರಿಯಲ್ಲಿ ಜಾತಿ, ಆದಾಯಗಳ ದೃಢೀಕರಣ ಪತ್ರಕ್ಕೆಂದು ಸಾಲಿನಲ್ಲಿ ನಿಲ್ಲುವುದು ಮಾಗಡಿ ಸೀಮೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪಹಣಿಯ ಪ್ರತಿಗಾಗಿ ಬಂದ ರೈತರೂ ಅದೇ ಸಾಲಿನಲ್ಲಿರುತ್ತಾರೆ. ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಪಹಣಿಯು ‘ಭೂಮಿ’ ಯೋಜನೆಯ ಫಲವಾಗಿ ಗಣಕಯಂತ್ರವನ್ನು ಸೇರಿತು. 2002ರ ವೇಳೆಗೆ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಹೀಗೆ ಗಣಕಕ್ಕೆ ಏರಿದ್ದುವು. ದಾಖಲೆಗಳನ್ನು ಕೋಷ್ಟಕಗಳಾಗಿ ಜೋಡಿಸಿಟ್ಟ ಇಂತಹ ಭಂಡಾರಕ್ಕೆ ದತ್ತಸಂಚಯವೆಂದು ಹೆಸರು.

ಕಚೇರಿ, ಬ್ಯಾಂಕು, ಕಾಲೇಜುಗಳ ಗಣಕಗಳನ್ನು ಹೊರಗಿನ ಅಂತರ್ಜಾಲದ ಹಾವಳಿಯಿಂದ ಕಾಯುವುದಕ್ಕೆ ಫೈರ್‌ವಾಲ್ ಎಂಬ ಯಂತ್ರವನ್ನು ನಡುವೆ ಇಡುತ್ತಾರೆ. ಕುದೂರಿನಿಂದ ಬಹು ದೂರವಲ್ಲದ ಭೈರವನದುರ್ಗವನ್ನು ಹತ್ತಿದವರಿಗೆ ಕೋಟೆಗೋಡೆಯ ಉಪಯೋಗವನ್ನು ವಿವರಿಸಬೇಕಾಗಿಲ್ಲ. ಆದರೆ ಕಲ್ಲಿನ ಗೋಡೆಗೆ ಓದು ಬಾರದು. ಈ ಗೋಡೆಗೆ ಬರುತ್ತದೆ. ತೊಡಕೆಲ್ಲ ಹುಟ್ಟುವುದು ಅಲ್ಲಿಂದಲೇ.

ಫೈರ್‌ವಾಲಿನ ಒಳಗೂ ಒಂದು ಪುಟ್ಟ ಗಣಕವಿದೆ, ಅದರಲ್ಲೊಂದು ದತ್ತಸಂಚಯವಿದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು, ಮೇಲ್ವಿಚಾರಕರು ಯಾರು ಎಂಬ ಲೆಕ್ಕವೆಲ್ಲ ಅಲ್ಲಿರುತ್ತದೆ. ಮೇಲ್ವಿಚಾರಕನು ತನ್ನ ಹೆಸರನ್ನೂ ಗುಪ್ತಪದವನ್ನೂ ಬರೆದು ಒಳಹೊಗುವುದಕ್ಕೆ ಒಂದು ಪುಟವೂ ಉಂಟು. ಬರೆದದ್ದನ್ನು ಯಂತ್ರವು ತನ್ನ ಲೆಕ್ಕದ ಪುಸ್ತಕದೊಡನೆ ಹೋಲಿಸಿ ನೋಡಬೇಕಷ್ಟೆ. ಹಾಗೆ ನೋಡಲು ದತ್ತಸಂಚಯಕ್ಕೆ ಆಜ್ಞೆ ಕೊಡುವ ಭಾಷೆಯೇ ಎಸ್‌ಕ್ಯೂಎಲ್. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಕೋಷ್ಟಕರೂಪದ ದತ್ತಸಂಚಯದ ಸಿದ್ಧಾಂತವನ್ನು ಮಂಡಿಸಿದನು. 1974ರಲ್ಲಿ ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಭಾಷೆಯನ್ನು ಕಟ್ಟಿದರು. ಇಂದಿನ ಎಸ್‌ಕ್ಯೂಎಲ್ ಅದರಿಂದಲೇ ಬೆಳೆದುದು.

ಈ ಭಾಷೆಯ ಒಂದು ಕಟ್ಟಳೆಯನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಆಜ್ಞೆಯ ನಡುವೆ ಬರುವ ಹೆಸರನ್ನು ಎರಡು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು: ‘ಹೆಸರು 'ಕೆಂಪಯ್ಯ' ಆಗಿರುವ ದಾಖಲೆಯನ್ನು ತೋರಿಸು’ ಎಂಬಂತೆ. ಮೊದಲ ಚಿಹ್ನೆ ಕಂಡೊಡನೆ ಹೆಸರು ಆರಂಭವಾಯಿತೆಂದೂ ಎರಡನೆಯದು ಕಂಡೊಡನೆ ಮುಗಿಯಿತೆಂದೂ ಯಂತ್ರವು ತಿಳಿಯುತ್ತದೆ.

ಈಗ ಮಂಗಳೂರಿನ ಡಿ'ಸೋಜ ಎಂಬವರು ಬಂದರೆನ್ನಿ. ಅವರ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಅದೇ ಒಂಟಿ ಚಿಹ್ನೆ ಬರುತ್ತದೆ. ಎಚ್ಚರವಿಲ್ಲದೆ ಬರೆದ ಕ್ರಮವಿಧಿಯು ಹೆಸರು ‘ಡಿ’ ಎಂಬಲ್ಲಿಗೆ ಮುಗಿಯಿತೆಂದು ಭಾವಿಸಿ, ಉಳಿದ ‘ಸೋಜ’ವನ್ನು ಆಜ್ಞೆಯ ಭಾಗವೆಂದು ಓದಲು ಹೊರಟು, ಅರ್ಥವಾಗದೆ ದೋಷಸೂಚನೆ ಕೊಟ್ಟು ನಿಲ್ಲುತ್ತದೆ. ಪಾಪ, ಅವರದೇನೂ ತಪ್ಪಿಲ್ಲ. ಆದರೂ ಯಂತ್ರದ ಒಳಗುಟ್ಟು ಅವರಿಂದ ಹೊರಬಿತ್ತು: ಹೆಸರಿನ ಅಂಕಣದಲ್ಲಿ ಬರೆದದ್ದನ್ನು ಈ ಯಂತ್ರವು ಆಜ್ಞೆಯೆಂದು ಓದಬಲ್ಲುದು!

ದುರುಳನಿಗೆ ಬೇಕಾದದ್ದು ಇಷ್ಟೇ. ಅವನು ಹೆಸರಿನ ಜಾಗದಲ್ಲಿ «ಯಾರೋ' ಅಥವಾ 1=1» ಎಂದು ಬರೆದು, ಮುಂದಿನದನ್ನು ಓದಬೇಡವೆಂದು ಸೂಚಿಸುವ ಗುರುತನ್ನು ಹಚ್ಚುತ್ತಾನೆ. ಹೆಸರು ‘ಯಾರೋ’ ಆಗಿರುವ, ಅಥವಾ ಒಂದು ಒಂದಕ್ಕೆ ಸಮವಾಗಿರುವ ದಾಖಲೆಗಳನ್ನೆಲ್ಲ ತೋರಿಸು ಎಂದು ಆಜ್ಞೆಯಾಯಿತು. ಒಂದು ಒಂದಕ್ಕೆ ಸಮವಲ್ಲದ ದಿನವುಂಟೆ? ಪುಸ್ತಕವೆಲ್ಲ ತೆರೆದುಕೊಳ್ಳುತ್ತದೆ. ಸೂಜಿಯಿಂದ ಮದ್ದನ್ನು ಒಳಚುಚ್ಚುವಂತೆ ಆಜ್ಞೆಯನ್ನು ಒಳಚುಚ್ಚುವುದರಿಂದ ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರಾಯಿತು. 1998ರಲ್ಲಿ ಜೆಫ್ ಫಾರಿಸ್ಟಾಲ್ ಎಂಬಾತ ‘ಫ್ರ್ಯಾಕ್’ ಪತ್ರಿಕೆಯಲ್ಲಿ ಈ ಬಗೆಯ ದಾಳಿಯನ್ನು ಬಹಿರಂಗವಾಗಿ ವಿವರಿಸಿದ್ದನು.

ಇಷ್ಟು ಹಳೆಯ ದೋಷವು ಕಾವಲು ಯಂತ್ರಗಳಲ್ಲೇ ಇರಲಾರದೆಂದು ಯಾರಾದರೂ ತಿಳಿದಿದ್ದರೆ, 2020ರ ಏಪ್ರಿಲ್ ತಿಂಗಳು ಅವರ ಭ್ರಮೆಯನ್ನು ಕಳೆಯಿತು. ಬ್ರಿಟನ್ನಿನ ಸೋಫೋಸ್ ಸಂಸ್ಥೆಯು 2014ರಲ್ಲಿ ಅಹಮದಾಬಾದಿನ ಸೈಬರೋಮ್ ಸಂಸ್ಥೆಯನ್ನು ಕೊಂಡಿತ್ತು; ಅದರ ‘ಎಕ್ಸ್‌ಜಿ’ ಫೈರ್‌ವಾಲಿನ ವಂಶದಲ್ಲಿ ನಮ್ಮ ದೇಶದ ಈ ತಂತ್ರಜ್ಞಾನವೂ ಸೇರಿದೆ. ಆ ತಿಂಗಳ 22ರಂದು ಸಂಸ್ಥೆಗೆ ಒಂದು ದೂರು ಬಂದಿತು. ಒಂದು ಯಂತ್ರದ ಮೇಲ್ವಿಚಾರಣೆಯ ಪುಟದಲ್ಲಿ, ಒಂದು ಅಂಕಣದೊಳಗೆ, ಅಲ್ಲಿ ಇರಬಾರದ ಯಾವುದೋ ಬರಹ ಕಾಣುತ್ತಿದೆ ಎಂದು. ಪರೀಕ್ಷಿಸಿ ನೋಡಿದರೆ, ಯಾರೋ ದತ್ತಸಂಚಯದ ಕೋಷ್ಟಕದೊಳಕ್ಕೆ ಒಂದೇ ಸಾಲಿನ ಆಜ್ಞೆಯನ್ನು ತುರುಕಿದ್ದರು. ಆ ಸಾಲು ಹೊರಗಿನಿಂದ ಕೇಡಿನ ಕ್ರಮವಿಧಿಯನ್ನು ತರಿಸಿಕೊಳ್ಳುತ್ತಿತ್ತು. ತರಿಸಿಕೊಂಡ ತಾಣದ ಹೆಸರೋ, ಸೋಫೋಸ್ ಫೈರ್‌ವಾಲಿನ ನವೀಕರಣ ಕೇಂದ್ರವೆಂದು ಭ್ರಮೆ ಹುಟ್ಟಿಸುವಂಥದು. ಬಳಕೆದಾರರ ಹೆಸರುಗಳನ್ನೂ ಗುಪ್ತಪದಗಳ ಸಂಕೇತರೂಪವನ್ನೂ ಕದಿಯುವುದು ಅದರ ಕೆಲಸ. ಅಮೆರಿಕದ ನ್ಯಾಯ ಇಲಾಖೆಯು 2024ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದ ಆರೋಪಪಟ್ಟಿಯ ಪ್ರಕಾರ ಜಗತ್ತಿನಾದ್ಯಂತ ಸುಮಾರು 81,000 ಯಂತ್ರಗಳು ಈ ದಾಳಿಗೆ ಗುರಿಯಾದುವು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೇಲ್ವಿಚಾರಣೆಯ ಪುಟವನ್ನೋ ಬಳಕೆದಾರರ ಪುಟವನ್ನೋ ಅಂತರ್ಜಾಲದ ಕಡೆಗೆ ತೆರೆದಿಟ್ಟ ಯಂತ್ರಗಳು ಮಾತ್ರ ಅಪಾಯಕ್ಕೆ ಒಡ್ಡಿಕೊಂಡಿದ್ದುವು. ಮತ್ತೊಂದು, ಕಳ್ಳತನವು ಹೊರಬಿದ್ದುದು ಯಾವ ಮಹಾಯಂತ್ರದಿಂದಲೂ ಅಲ್ಲ, ಒಂದು ಅಂಕಣವನ್ನು ಕಣ್ಣಿಟ್ಟು ನೋಡಿದುದರಿಂದ. ಸಂಸ್ಥೆಯು 25ರಿಂದ ತುರ್ತು ತಿದ್ದುಪಡಿಯನ್ನು ಯಂತ್ರಗಳಿಗೆ ರವಾನಿಸತೊಡಗಿತು. ದಾಳಿಗೆ ತುತ್ತಾದ ಯಂತ್ರವು ಆ ವಿಷಯವನ್ನು ತನ್ನ ಒಡೆಯನಿಗೆ ತಾನೇ ತಿಳಿಸುವಂತೆಯೂ ಮಾಡಿತು.

ದೋಷವನ್ನು ಮುಂಚೆಯೇ ಪತ್ತೆಹಚ್ಚಲು ಸಾಧ್ಯವೆ? ಸಾಧ್ಯ. ಒಂಟಿ ಚಿಹ್ನೆಯನ್ನು ಬರೆದು ದೋಷಸೂಚನೆ ಬರುವುದೇ ಎಂದು ನೋಡುವುದು ಮೊದಲ ಪರೀಕ್ಷೆ. ಬಾಯಿಬಿಡದ ಯಂತ್ರಕ್ಕೆ ಇನ್ನೊಂದು ಉಪಾಯವಿದೆ: ಅಂಕಣದಲ್ಲಿ ‘ಹತ್ತು ಸೆಕೆಂಡು ತಡೆದು ಉತ್ತರಿಸು’ ಎಂಬ ಆಜ್ಞೆಯನ್ನು ಬರೆದು ಗಡಿಯಾರವನ್ನು ನೋಡುವುದು. ಉತ್ತರವು ಪ್ರತಿ ಸಲವೂ ಹತ್ತು ಸೆಕೆಂಡು ತಡವಾದರೆ, ಬರೆದದ್ದು ಆಜ್ಞೆಯಾಗಿ ನಡೆಯಿತೆಂದೇ ಅರ್ಥ. ಇವೆಲ್ಲಕ್ಕಿಂತ ನೆಚ್ಚತಕ್ಕದ್ದು ತಯಾರಕರೇ ಕ್ರಮವಿಧಿಯನ್ನು ಸಾಲುಸಾಲಾಗಿ ಓದಿ, ಹೊರಗಿನಿಂದ ಬಂದ ಬರಹವನ್ನು ಆಜ್ಞೆಗೆ ಅಂಟಿಸಿರುವ ಜಾಗಗಳನ್ನು ಹುಡುಕುವುದು.

ಅಪಾಯದ ಚಿಹ್ನೆಗಳನ್ನು ಜರಡಿ ಹಿಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಇದಕ್ಕೆ ಫೋರ್ಟಿವೆಬ್ ಎಂಬ ಯಂತ್ರದ ಕಥೆಯೇ ಸಾಕ್ಷಿ. ಜಾಲತಾಣಗಳನ್ನು ಇದೇ ಬಗೆಯ ಚುಚ್ಚುವಿಕೆಯಿಂದ ಕಾಪಾಡುವುದು ಅದರ ಕಸುಬು; 2025ರ ಜುಲೈಯಲ್ಲಿ ಅದರೊಳಗೇ ಈ ದೋಷವಿರುವುದು ಪ್ರಕಟವಾಯಿತು. ಬೇಲಿಯೇ ಹೊಲ ಮೇಯ್ದಂತಾಯಿತು. ಆ ಯಂತ್ರವು ಹೊರಗಿನ ಬರಹವನ್ನು ಓದುವಾಗ ಖಾಲಿ ಜಾಗ ಬಂದಲ್ಲಿಗೆ ನಿಲ್ಲಿಸುತ್ತಿತ್ತು. ಪದಗಳ ನಡುವೆ ಎಡೆಯಿಲ್ಲದೆ ಆಜ್ಞೆ ಬರೆಯುವುದು ಹೇಗೆ? ಪರೀಕ್ಷಕರು ಎಡೆಯ ಬದಲು ಟಿಪ್ಪಣಿಯ ಗುರುತನ್ನು ಬರೆದರು. ದತ್ತಸಂಚಯವು ಅದನ್ನು ಎಡೆಯೆಂದೇ ಎಣಿಸಿ ಆಜ್ಞೆಯನ್ನು ನಡೆಸಿಬಿಟ್ಟಿತು.

ತಯಾರಕರು ಕೊನೆಗೆ ಹಿಡಿದ ದಾರಿಯೇ ನಿಜವಾದ ಪರಿಹಾರ. ಆಜ್ಞೆಯನ್ನು ಮೊದಲು, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ದತ್ತಸಂಚಯಕ್ಕೆ ಒಪ್ಪಿಸುವುದು. ಅದರ ಅರ್ಥ ನಿಶ್ಚಯವಾದ ಮೇಲೆ ಹೆಸರನ್ನು ಬೇರೆಯಾಗಿ ಕಳುಹಿಸುವುದು. ಆಗ ಡಿ'ಸೋಜ ಬಂದರೂ ಅದು ಹೆಸರೇ, 1=1 ಬಂದರೂ ಅದೊಂದು ವಿಚಿತ್ರವಾದ ಹೆಸರೇ. ಉಳಿದವು ಯಂತ್ರವನ್ನು ನೋಡಿಕೊಳ್ಳುವವರ ಕೆಲಸ: ಮೇಲ್ವಿಚಾರಣೆಯ ಪುಟವನ್ನು ಹೊರಗಿನವರಿಗೆ ಮುಚ್ಚಿಡುವುದು, ತಿದ್ದುಪಡಿಗಳನ್ನು ತಡಮಾಡದೆ ಹಾಕುವುದು, ದಾಳಿಯ ಶಂಕೆಯಿದ್ದರೆ ಗುಪ್ತಪದಗಳನ್ನೆಲ್ಲ ಬದಲಿಸುವುದು.

ಉತ್ಸಾಹಿ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಕಚೇರಿಯ ಅಥವಾ ಕಾಲೇಜಿನ ಯಂತ್ರದ ಮೇಲೆ ನಡೆಸಹೋಗಬಾರದು. ಅಪ್ಪಣೆಯಿಲ್ಲದೆ ದುರುದ್ದೇಶದಿಂದ ಪರರ ಗಣಕವನ್ನು ಹೊಕ್ಕವರಿಗೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ನೆಯ ವಿಧಿಯು ಮೂರು ವರ್ಷದವರೆಗೆ ಸೆರೆಮನೆ, 5 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ತಮ್ಮ ಉದ್ದೇಶ ಒಳ್ಳೆಯದಿತ್ತೆಂದು ಆಮೇಲೆ ವಾದಿಸುವುದು ಸುಲಭವಲ್ಲ. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯವು ಬೆಲೆಯಿಲ್ಲದೆ ದೊರೆಯುತ್ತದೆ. ಸ್ವಂತ ಗಣಕದಲ್ಲಿ ಹತ್ತು ಹೆಸರುಗಳ ಒಂದು ಕೋಷ್ಟಕವನ್ನು ರಚಿಸಿ, ಹೆಸರನ್ನು ಆಜ್ಞೆಗೆ ಅಂಟಿಸಿ ಒಮ್ಮೆ, ಬೇರೆಯಾಗಿ ಕಳುಹಿಸಿ ಇನ್ನೊಮ್ಮೆ, ಡಿ'ಸೋಜರನ್ನು ಹುಡುಕಿ ನೋಡಬಹುದು.